ಇವತ್ತು ರಾತ್ರಿ ಮಗು ಈ ಮನೆಯಲ್ಲಿ ಮಲಗಬಹುದಾ?

ಮಕ್ಕಳ ರಕ್ಷಣೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಗೆ ಹೋಗಿದ್ದೆ. ದೂರು ಹೇಳಿದವರು ಅದೇ ಓಣಿಯವರು. "ತಾಯಿ ಬೆಳಗಾದರೆ ಮಕ್ಕಳನ್ನ ಬೀದಿಗೆ ಬಿಟ್ಟು ಹೋಗ್ತಾಳೆ, ಕೇಳೋರೇ ಇಲ್ಲ" ಅಂತ. ನಾನು ಹೋದಾಗ ಹನ್ನೊಂದು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಲೆ ಮುಂದೆ ನಿಂತಿದ್ದಳು. ಕೂಸಿನ ಮೂಗು ಸೋರುತ್ತಿತ್ತು. ಮನೆ ಗುಡಿಸಿರಲಿಲ್ಲ. ತಿರುಗಿ ಬಂದು ವರದಿಯಲ್ಲಿ "ತಾಯಿಗೆ ಮಕ್ಕಳ ಬಗ್ಗೆ ಕಾಳಜಿ ಇಲ್ಲ, ಮನೆಯ ವಾತಾವರಣ ಸರಿಯಿಲ್ಲ" ಎಂದು ಬರೆದೆ. ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ಓದಿ ಒಂದೇ ಮಾತು ಕೇಳಿದರು: "ತಾಯಿ ಎಲ್ಲಿಗೆ ಹೋಗ್ತಾಳೆ?"

ನಾನು ಕೇಳಿರಲೇ ಇಲ್ಲ.

ಮತ್ತೆ ಹೋಗಿ ಕೇಳಿದೆ. ಆಕೆ ಹೋಗುತ್ತಿದ್ದದ್ದು ಹತ್ತಿ ಬಿಡಿಸಲು. ಗಂಡ ತೀರಿಕೊಂಡು ಎರಡು ವರ್ಷ. ಬೆಳಗ್ಗೆ ಆರೂವರೆಗೆ ಕೂಲಿಯವರನ್ನು ತುಂಬಿಕೊಂಡು ಹೋಗುವ ಟಂಟಂ ಬರುತ್ತಿತ್ತು. ಅಂಗನವಾಡಿ ಬಾಗಿಲು ತೆಗೆಯುವ ಹೊತ್ತಿಗೆ ಆಕೆ ಮನೆ ಬಿಟ್ಟು ಮೂರು ಗಂಟೆ ಆಗಿರುತ್ತಿತ್ತು. ಆ ಮೂರು ಗಂಟೆ ಕೂಸನ್ನು ನೋಡಿಕೊಳ್ಳಲು ಮಗಳು ಶಾಲೆ ಬಿಟ್ಟಿದ್ದಳು. ಕಾಳಜಿ ಇಲ್ಲ ಎಂದು ನಾನು ಬರೆದ ತಾಯಿ, ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದಿಟ್ಟು ಹೋಗುತ್ತಿದ್ದಳು.

ಈ ಲೇಖನ ಮಕ್ಕಳ ರಕ್ಷಣೆಯ ಕೆಲಸಕ್ಕೆ ಹೊಸದಾಗಿ ಬಂದವರಿಗೆ. ಸಮಾಜಕಾರ್ಯ ಓದುತ್ತಿರುವವರಿಗೆ, ಅಂಗನವಾಡಿ ಟೀಚರ್‌ಗಳಿಗೆ, ಶಾಲೆಯ ಮೇಷ್ಟ್ರುಗಳಿಗೂ ಆಗಬಹುದು. ಒಂದು ಮನೆಗೆ ಹೋದಾಗ ಏನು ನೋಡಬೇಕು, ಏನು ಕೇಳಬೇಕು, ಏನು ಬರೆಯಬೇಕು ಅನ್ನುವುದಷ್ಟೇ ಇಲ್ಲಿದೆ.

ಎರಡು ಪ್ರಶ್ನೆ

ಆವತ್ತಿನಿಂದ ಮನೆಭೇಟಿ ಅಂದರೆ ನನಗೆ ಎರಡು ಪ್ರಶ್ನೆ. ಒಂದು, ಇವತ್ತು ರಾತ್ರಿ ಈ ಮಗು ಈ ಮನೆಯಲ್ಲಿ ಕ್ಷೇಮವಾಗಿ ಮಲಗಬಹುದಾ? ಎರಡು, ಈ ಮನೆಯವರು ಮಗುವನ್ನು ಚೆನ್ನಾಗಿ ಸಾಕಲು ಅವರಿಗೆ ಏನು ಬೇಕು? ಮೊದಲನೆಯದಕ್ಕೆ ಉತ್ತರ ಆವತ್ತೇ ಬೇಕು. ಎರಡನೆಯದಕ್ಕೆ ಎರಡು ಮೂರು ಸಲ ಹೋಗಬೇಕಾಗುತ್ತದೆ. ನಾವು ಎಡವುವುದು ಜಾಸ್ತಿ ಇವೆರಡನ್ನು ಕಲಸಿಬಿಟ್ಟಾಗಲೇ. ಬಡತನ ಕಂಡರೆ ಅಪಾಯ ಅಂದುಕೊಳ್ಳುತ್ತೇವೆ. ಟೈಲ್ಸ್ ಹಾಕಿದ ಮನೆ, ಇಸ್ತ್ರಿ ಮಾಡಿದ ಯೂನಿಫಾರ್ಮ್ ಕಂಡರೆ ಎಲ್ಲ ಸರಿಯಿದೆ ಅಂದುಕೊಳ್ಳುತ್ತೇವೆ. ಎರಡೂ ತಪ್ಪು.

ಕಾನೂನಿನ ಲೆಕ್ಕವೂ ಹೀಗೇ ಇದೆ. 2015ರ ಬಾಲನ್ಯಾಯ ಕಾಯ್ದೆ 18 ವರ್ಷ ತುಂಬದ ಎಲ್ಲರನ್ನೂ ಮಗು ಎನ್ನುತ್ತದೆ. ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವನ್ನು ನಾವು ಕರೆತಂದರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಇದು ಮೊದಲನೇ ಪ್ರಶ್ನೆಯ ಗಡುವು. ಮಗುವಿನ, ಮನೆಯ ಪರಿಸ್ಥಿತಿ ವಿಚಾರಿಸುವ ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು, ಸಮಿತಿ ನಾಲ್ಕು ತಿಂಗಳೊಳಗೆ ಕೊನೆಯ ಆದೇಶ ಕೊಡಬೇಕು. ಇದು ಎರಡನೆಯದರ ಗಡುವು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಮಗು ಎಲ್ಲಿರಬೇಕು ಎಂದು ತೀರ್ಮಾನ ಮಾಡುವುದು ಅವರು, ನಾವಲ್ಲ. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಎಂದು ಅದೇ ಕಾಯ್ದೆ ಹೇಳುತ್ತದೆ. ಬಾಲಮಂದಿರದಲ್ಲಿ ಹಾಸಿಗೆ ಖಾಲಿ ಇದೆ ಅನ್ನುವುದು ಯಾವ ಮಗುವನ್ನೂ ಕರೆತರಲು ಕಾರಣ ಅಲ್ಲ.

ಹೊರಡುವ ಮುಂಚೆ

ಕೈಯಲ್ಲಿರುವ ದೂರನ್ನು ಎರಡು ಸಲ ಓದಿ. ಯಾರು ಕೊಟ್ಟಿದ್ದು? ಕಣ್ಣಾರೆ ಕಂಡದ್ದಾ, ಕೇಳಿದ್ದಾ? ಮಕ್ಕಳ ಸಹಾಯವಾಣಿ 1098ಕ್ಕೆ ಬಂದ ಕರೆಯಾದರೆ ಕರೆ ಬಂದ ಸಮಯ ನೋಡಿ. ರಾತ್ರಿ ಹನ್ನೊಂದಕ್ಕೆ ಬಂದ ಕರೆ ಅಂದರೆ ಆ ಹೊತ್ತಿನಲ್ಲೇ ಆ ಮನೆಯಲ್ಲಿ ಏನೋ ನಡೆಯುತ್ತಿರಬಹುದು. ಬೆಳಗ್ಗೆ ಹತ್ತಕ್ಕೆ ಹೋಗಿ "ಎಲ್ಲ ಶಾಂತವಾಗಿದೆ" ಎಂದು ಬರೆದರೆ ಏನು ಪ್ರಯೋಜನ?

ಅಂಗನವಾಡಿ, ಶಾಲೆ, ಆಶಾ ಕಾರ್ಯಕರ್ತೆ, ಈ ಮೂರು ಕಡೆ ಮೊದಲೇ ವಿಚಾರಿಸಿ. ಹಾಜರಿ ಪುಸ್ತಕ ಸುಳ್ಳು ಹೇಳುವುದಿಲ್ಲ ಅನ್ನುತ್ತಾರೆ, ಕೆಲವೊಮ್ಮೆ ಅದೂ ಹೇಳುತ್ತದೆ. ಹಾಗಾಗಿ ಪಕ್ಕದಲ್ಲಿ ಕೂರುವ ಮಕ್ಕಳನ್ನು ಮೇಷ್ಟ್ರು ಹಗುರವಾಗಿ ವಿಚಾರಿಸಿದರೆ ಒಳ್ಳೆಯದು. ಆದರೆ ಯಾಕೆ ಕೇಳುತ್ತಿದ್ದೀರಿ ಎಂದು ಊರಿಗೆಲ್ಲ ಗೊತ್ತಾಗಬಾರದು. ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ. ಪತ್ರಿಕೆಯವರು ಮಾತ್ರ ಅಲ್ಲ, ನಾವೂ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕುವಂತಿಲ್ಲ.

ಒಬ್ಬರೇ ಹೋಗಬೇಡಿ. ಹೆಣ್ಣುಮಗುವಿನ ವಿಷಯವಾದರೆ ಜೊತೆಗೆ ಒಬ್ಬ ಹೆಂಗಸು ಇರಲೇಬೇಕು. ಇಲಾಖೆಯ ಬೋರ್ಡ್ ಇರುವ ಜೀಪನ್ನು ಮನೆ ಮುಂದೆ ನಿಲ್ಲಿಸಬೇಡಿ. ಬಸ್‌ಸ್ಟ್ಯಾಂಡಿನ ಹತ್ತಿರ ಬಿಟ್ಟು ನಡೆದುಕೊಂಡು ಹೋಗಿ. ಜೀಪ್ ನಿಂತ ಮನೆಗೆ ಮರುದಿನದಿಂದ ಊರಲ್ಲಿ ಇನ್ನೊಂದು ಹೆಸರು ಬೀಳುತ್ತದೆ.

ಬಾಗಿಲಲ್ಲಿ

ಸುಳ್ಳು ಹೇಳಿ ಒಳಗೆ ಹೋಗಬೇಡಿ. "ಸರ್ವೆಗೆ ಬಂದಿದೀವಿ" ಅನ್ನುವುದು ಸುಲಭ. ಆಮೇಲೆ ನಿಜ ಗೊತ್ತಾದಾಗ ಆ ಮನೆಯವರು ನಿಮ್ಮನ್ನು ಮತ್ತೆ ನಂಬುವುದಿಲ್ಲ. ನಾನು ಹೇಳುವುದು ಇಷ್ಟೇ: "ಅಕ್ಕಾ, ನಾವು ಮಕ್ಕಳ ರಕ್ಷಣಾ ಘಟಕದಿಂದ ಬಂದಿದೀವಿ. ಮಕ್ಕಳು ಹೆಂಗಿದಾರೆ ಅಂತ ನೋಡ್ಕೊಂಡು, ನಿಮಗೇನಾದರೂ ಕಷ್ಟ ಇದ್ರೆ ಕೇಳ್ಕೊಂಡು ಹೋಗೋಕೆ ಬಂದ್ವಿ. ಒಳಗೆ ಬರಬಹುದಾ?" ದೂರು ಕೊಟ್ಟವರು ಯಾರು ಎಂದು ಕೇಳಿಯೇ ಕೇಳುತ್ತಾರೆ. ಹೇಳಬಾರದು. "ಅದನ್ನ ಹೇಳೋಕೆ ಬರಲ್ಲಕ್ಕಾ, ನಿಮ್ಮ ವಿಷಯಾನೂ ನಾವು ಊರವರಿಗೆ ಹೇಳಲ್ಲ" ಅಂದರೆ ಬಹಳಷ್ಟು ಜನ ಅರ್ಥ ಮಾಡಿಕೊಳ್ಳುತ್ತಾರೆ.

ನೀರು ಕೊಟ್ಟರೆ ಕುಡಿಯಿರಿ. ಚಹಾ ಕೊಟ್ಟರೆ ಅದನ್ನೂ. ಇದು ಚಿಕ್ಕ ವಿಷಯ ಅಲ್ಲ. ಕೆಲವು ಓಣಿಗಳಿಗೆ ಹೊರಗಿನಿಂದ ಬಂದವರು ಅಲ್ಲಿ ನೀರು ಮುಟ್ಟದೆ ಹೋದದ್ದನ್ನು ಆ ಜನ ಎಷ್ಟೋ ವರ್ಷದಿಂದ ನೋಡಿದ್ದಾರೆ. ನೀವೂ ಲೋಟ ಪಕ್ಕಕ್ಕಿಟ್ಟರೆ, ಆಮೇಲೆ ಏನೇ ಸಿಹಿ ಮಾತಾಡಿದರೂ ಅಷ್ಟೇ.

ಮನೆಯಲ್ಲಿ ಕುಡಿದವರೋ, ಕೈ ಎತ್ತುವವರೋ ಇದ್ದು ನಿಮಗೇ ಭಯವಾದರೆ ವಾದ ಮಾಡಬೇಡಿ, ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಆದರೆ ನಿಮಗೇ ಭಯವಾದ ಮನೆಯಲ್ಲಿ ಮಗು ಹೇಗಿರುತ್ತದೆ ಅನ್ನುವುದನ್ನು ಮರೆಯಬೇಡಿ. ಪೊಲೀಸರು ಬರುವ ತನಕ ಅಲ್ಲೇ ಹತ್ತಿರದಲ್ಲಿರಿ.

ಮೊದಲು ಮಗುವನ್ನು ನೋಡಿ

ಕೇಳಿದರೆ ನಗು ಬರಬಹುದು. ಮಗುವಿಗೋಸ್ಕರ ಹೋದವರು ಮಗುವನ್ನು ನೋಡದೆ ಬರುತ್ತಾರಾ? ಬರುತ್ತಾರೆ. "ಮಲಗಿದೆ", "ಅಜ್ಜಿ ಊರಿಗೆ ಹೋಗಿದೆ", "ಆಡೋಕೆ ಹೋಗಿದೆ" ಅಂದರೆ ಸರಿ ಅಂತ ಎದ್ದು ಬರುತ್ತಾರೆ. ಲಂಡನ್ನಿನಲ್ಲಿ 2000ದ ಫೆಬ್ರವರಿಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಸಾಕುತ್ತಿದ್ದವರ ಹಿಂಸೆಯಿಂದ ಸತ್ತಳು. ಸಮಾಜಕಾರ್ಯಕರ್ತರು, ಪೊಲೀಸರು, ಡಾಕ್ಟರು ಎಲ್ಲರೂ ಅವಳನ್ನು ಕಂಡಿದ್ದವರೇ. ಮೈಮೇಲಿನ ಗುರುತುಗಳನ್ನು ಆಸ್ಪತ್ರೆಯಲ್ಲಿ ಕಜ್ಜಿ ಎಂದುಕೊಂಡಿದ್ದರು. ಅವಳು ಆಡುತ್ತಿದ್ದದ್ದು ಫ್ರೆಂಚ್. ಅವಳ ಮಾತಲ್ಲಿ ಅವಳ ಜೊತೆ ಕೂತು ಮಾತಾಡಿದವರೇ ಇರಲಿಲ್ಲ ಅನ್ನಬಹುದು. 2003ರಲ್ಲಿ ಬಂದ ಲಾರ್ಡ್ ಲ್ಯಾಮಿಂಗ್ ಅವರ ವಿಚಾರಣಾ ವರದಿ, ಅವಳನ್ನು ಉಳಿಸಿಕೊಳ್ಳುವ ಅವಕಾಶ ಹತ್ತಾರು ಸಲ ಕೈತಪ್ಪಿದ್ದನ್ನು ಬಿಡಿಸಿ ತೋರಿಸಿತು. ನಮ್ಮ ಕಡೆ ಲಂಬಾಣಿ ಮಾತಾಡುವ ತಾಂಡಾದ ಮಗುವಿನ ಹತ್ತಿರ, ಉರ್ದು ಅಥವಾ ತೆಲುಗು ಮಾತಾಡುವ ಮಗುವಿನ ಹತ್ತಿರ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳಿ "ಮಗು ಉತ್ತರಿಸಲಿಲ್ಲ" ಎಂದು ಬರೆಯುವುದೂ ಅದೇ ಜಾತಿಯ ತಪ್ಪು.

ಮಗು ಇಲ್ಲ ಅಂದರೆ ಎಲ್ಲಿದೆ, ಯಾರ ಜೊತೆ ಇದೆ, ಯಾವಾಗ ಬರುತ್ತದೆ ಎಂದು ಕೇಳಿ, ಆವತ್ತೇ ಅಥವಾ ಮರುದಿನ ಅಲ್ಲಿಗೇ ಹೋಗಿ ನೋಡಿ. ಮಲಗಿದ್ದರೆ ಮಲಗಿದ ಜಾಗಕ್ಕೆ ಹೋಗಿ ನೋಡಿ.

ಮೈಮೇಲಿನ ಗುರುತುಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಡೆಯಲು ಕಲಿತ ಮಗುವಿನ ಮೊಣಕಾಲು, ಹಣೆ, ಗದ್ದದಲ್ಲಿ ಗಾಯ ಇರುವುದು ಸಹಜ. ಬಿದ್ದೇ ಬೀಳುತ್ತವೆ. ಆದರೆ ಕಿವಿ, ಕುತ್ತಿಗೆ, ಬೆನ್ನು, ಕುಂಡೆ, ತೋಳಿನ ಒಳಭಾಗ, ತೊಡೆಯ ಒಳಭಾಗ ಇಲ್ಲೆಲ್ಲ ಬಾಸುಂಡೆ ಇದ್ದರೆ ನಿಂತು ಯೋಚಿಸಿ. ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಕಂದಿದ ಗುರುತು ಇದ್ದರೆ ಆವತ್ತೇ ಡಾಕ್ಟರಿಗೆ ತೋರಿಸಬೇಕು. ಬೀಡಿ ಸುಟ್ಟ ಗುರುತು ದುಂಡಗೆ ಇರುತ್ತದೆ. ವೈರು ಮಡಿಸಿ ಹೊಡೆದರೆ ಕುಣಿಕೆಯ ಆಕಾರ ಉಳಿಯುತ್ತದೆ. ಹಾಗೆಯೇ ನಮ್ಮ ಕೂಸುಗಳಲ್ಲಿ ಸೊಂಟದ ಕೆಳಗೆ ನೀಲಿ-ಬೂದು ಬಣ್ಣದ ಹುಟ್ಟುಮಚ್ಚೆ ಇರುವುದು ತುಂಬಾ ಸಾಮಾನ್ಯ. ಅದನ್ನು ಏಟು ಎಂದು ಬರೆದು ಒಂದು ಸಂಸಾರಕ್ಕೆ ಕಳಂಕ ತರಬೇಡಿ.

ಇನ್ನೊಂದು, ಬರೆ. ಕಾಮಾಲೆಗೋ, ಹೊಟ್ಟೆನೋವಿಗೋ, ಮಗು ಚೀರಿ ಚೀರಿ ಅಳುತ್ತದೆ ಎಂದೋ ಕೂಸಿಗೆ ಬರೆ ಹಾಕಿಸುವವರು ಇನ್ನೂ ಇದ್ದಾರೆ. ಹಾಕಿಸಿದ ಅಜ್ಜಿಗೆ ಮೊಮ್ಮಗನ ಮೇಲೆ ಪ್ರಾಣ. ಆದರೂ ಸುಟ್ಟ ಗಾಯ ಸುಟ್ಟ ಗಾಯವೇ. ನಂಜಾಗಿ ಕೂಸು ಸಾಯಬಹುದು. ಇಲ್ಲಿ ಅಜ್ಜಿಯನ್ನು ಕ್ರೂರಿ ಅನ್ನುವುದರಿಂದ ಏನೂ ಆಗುವುದಿಲ್ಲ. ಮೊದಲು ಕೂಸು ಆಸ್ಪತ್ರೆಗೆ ಹೋಗಬೇಕು. ಮುಂದಿನ ಸಲ ಹುಷಾರು ತಪ್ಪಿದರೆ ಅಜ್ಜಿ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಆಕೆಗೆ ಗೊತ್ತಿರಬೇಕು. ಒಂದೇ ಗಾಯದಲ್ಲಿ ಸುರಕ್ಷತೆ, ಅಗತ್ಯ ಎರಡೂ ಇರುತ್ತವೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಮಗುವಿನ ಜೊತೆ ಮಾತು

ದೊಡ್ಡವರ ಕಿವಿಗೆ ಬೀಳದ, ಆದರೆ ಕಣ್ಣಿಗೆ ಕಾಣುವ ಜಾಗದಲ್ಲಿ ಕೂರಿ. ಕಟ್ಟೆ, ಬೇವಿನ ಮರದ ಕೆಳಗೆ, ಶಾಲೆಯ ವರಾಂಡ. ನೆಲದ ಮೇಲೇ ಕೂರಿ. ಕುರ್ಚಿಯಲ್ಲಿ ಕೂತು ನೆಲದ ಮೇಲಿರುವ ಮಗುವನ್ನು ಕೇಳಿದರೆ ಅದು ಪೊಲೀಸ್ ಸ್ಟೇಷನ್ ಆಗುತ್ತದೆ.

"ಅಪ್ಪ ಹೊಡೀತಾರಾ?" ಎಂದು ಕೇಳಬೇಡಿ. ಉತ್ತರ ನಿಮ್ಮ ಪ್ರಶ್ನೆಯೊಳಗೇ ಇದೆ. "ನಿನ್ನೆ ಶಾಲೆಯಿಂದ ಬಂದ ಮೇಲೆ ಏನೇನಾಯ್ತು, ಮಲಗೋವರೆಗೂ ಹೇಳು ನೋಡೋಣ" ಅನ್ನಿ. ಊಟ ಯಾರು ಹಾಕಿದರು, ಎಲ್ಲಿ ಮಲಗಿದೆ, ಪಕ್ಕದಲ್ಲಿ ಯಾರು ಮಲಗಿದ್ದರು, ರಾತ್ರಿ ಎಚ್ಚರ ಆಯ್ತಾ, ಎಲ್ಲವೂ ಅದರಲ್ಲೇ ಬರುತ್ತದೆ. "ನಿಂಗೆ ಭಯ ಆದಾಗ ಯಾರ ಹತ್ರ ಓಡಿಹೋಗ್ತೀಯಾ?" ಅನ್ನುವುದು ನಾನು ಎಲ್ಲ ಮಕ್ಕಳಿಗೂ ಕೇಳುವ ಪ್ರಶ್ನೆ. ಒಬ್ಬ ಹುಡುಗ "ಯಪ್ಪ ಕುಡದ್ ಬಂದ್ರ ನಾ ದನದ ಕೊಟ್ಟಿಗ್ಯಾಗ ಮಲಗ್ತೀನ್ರಿ" ಅಂದಿದ್ದ. ಆ ಒಂದು ಸಾಲು ಹತ್ತು ಪುಟದ ವರದಿಗೆ ಸಮ.

ಚಿಕ್ಕ ಮಕ್ಕಳ ಹತ್ತಿರ ಕಾಗದ, ಬಣ್ಣದ ಪೆನ್ಸಿಲ್ ಒಯ್ಯಿರಿ. ನ್ಯೂಜಿಲೆಂಡಿನ ಕಡೆಯಿಂದ ಬಂದ ಒಂದು ವಿಧಾನ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಮಗು ಮೂರು ಮನೆ ಬರೆಯುತ್ತದೆ. ಒಂದರಲ್ಲಿ ಬೇಜಾರಾಗುವುದು, ಭಯವಾಗುವುದು. ಇನ್ನೊಂದರಲ್ಲಿ ಖುಷಿಯಾಗುವುದು. ಮೂರನೆಯದರಲ್ಲಿ ಹೀಗಾದರೆ ಚೆನ್ನಾಗಿರುತ್ತಿತ್ತು ಅನ್ನುವುದು. ಹತ್ತಿ ಬಿಡಿಸುವ ತಾಯಿಯ ಆ ಮಗಳು ಮೂರನೇ ಮನೆಯಲ್ಲಿ ಬರೆದದ್ದು ಒಂದು ತೊಟ್ಟಿಲು ಮತ್ತು ಅದನ್ನು ತೂಗುವ ಬೇರೆ ಯಾರೋ ಒಬ್ಬರು. ಪಕ್ಕದಲ್ಲಿ ಒಂದು ಶಾಲೆ ಚೀಲ.

"ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. ಕೊಟ್ಟರೆ ಮುರಿಯಬೇಕಾಗುತ್ತದೆ. "ನಿನ್ನನ್ನ ಕಾಪಾಡೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ, ಹೇಳೋ ಮುಂಚೆ ನಿಂಗೆ ತಿಳಿಸ್ತೀನಿ" ಅನ್ನಿ.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ಕೆದಕಬೇಡಿ. ಮಗು ಹೇಳಿದಷ್ಟನ್ನು ಅದರ ಮಾತಲ್ಲೇ ಬರೆದುಕೊಳ್ಳಿ, "ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿಂದಲ್ಲ" ಅನ್ನಿ. ಅದೇ ಕಥೆಯನ್ನು ಐದು ಜನರ ಮುಂದೆ ಐದು ಸಲ ಹೇಳಿಸುವುದೂ ಒಂದು ಹಿಂಸೆ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. "ಮನೆಯವರೇ ಕೂತು ಬಗೆಹರಿಸ್ಕೋತಾರಂತೆ" ಅನ್ನುವ ಮಾತಿಗೆ ಇಲ್ಲಿ ಜಾಗವೇ ಇಲ್ಲ. ಹೇಳಿಕೆ ತೆಗೆದುಕೊಳ್ಳುವ ಪೊಲೀಸರು ಯೂನಿಫಾರ್ಮ್‌ನಲ್ಲಿ ಬರುವಂತಿಲ್ಲ. ಮಗುವಿನ ಮನೆಯಲ್ಲೋ, ಮಗುವಿಗೆ ಇಷ್ಟವಾದ ಜಾಗದಲ್ಲೋ, ಆದಷ್ಟು ಮಹಿಳಾ ಅಧಿಕಾರಿಯೇ ಹೇಳಿಕೆ ಪಡೆಯಬೇಕು. ರಾತ್ರಿ ಮಗುವನ್ನು ಸ್ಟೇಷನ್ನಿನಲ್ಲಿ ಇರಿಸಿಕೊಳ್ಳುವಂತಿಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳಿ, ಅರ್ಧ ಭಯ ಹೋಗುತ್ತದೆ.

ರಾತ್ರಿಯ ಪ್ರಶ್ನೆಗೆ ಉತ್ತರ

ಈಗ ಮೊದಲನೇ ಪ್ರಶ್ನೆಗೆ ಬನ್ನಿ. ಮನೆಯಿಂದ ಎದ್ದು ಬರುವ ಮುಂಚೆ ಇದಕ್ಕೆ ಹೌದು ಅಥವಾ ಇಲ್ಲ ಅನ್ನುವ ಉತ್ತರ ಇರಲೇಬೇಕು. ನಾನು ಮನಸ್ಸಿನಲ್ಲೇ ನಾಲ್ಕು ವಿಷಯ ತೂಗುತ್ತೇನೆ.

ಮಗುವಿಗೆ ನೋವು ಮಾಡಿದವರು ಯಾರು, ಅವರು ಇವತ್ತು ರಾತ್ರಿ ಇಲ್ಲೇ ಇರುತ್ತಾರಾ? ಮಗುವಿನ ಪರ ನಿಲ್ಲುವ ದೊಡ್ಡವರು ಒಬ್ಬರಾದರೂ ಇದ್ದಾರಾ, ನಿಲ್ಲಲು ಅವರಿಗೆ ಶಕ್ತಿ ಇದೆಯಾ? ತಾಯಿಗೇ ಏಟು ಬೀಳುತ್ತಿದ್ದರೆ ಆಕೆ ಮಗುವನ್ನು ಕಾಯುತ್ತಾಳೆ ಎಂದು ಬರೆಯುವುದು ಸುಮ್ನೆ ಕಾಗದದ ಮಾತು. ಮಗುವಿನ ವಯಸ್ಸೆಷ್ಟು, ಓಡಿಹೋಗಿ ಸಹಾಯ ಕೇಳುವಷ್ಟು ದೊಡ್ಡದಾ? ಕೊನೆಯದು, ಹಿಂದೆ ಹೀಗೆ ಆಗಿತ್ತಾ, ಆದಾಗ ಏನಾಯ್ತು?

ಉತ್ತರ 'ಇಲ್ಲ' ಎಂದಾದರೂ ತಕ್ಷಣ ಬಾಲಮಂದಿರ ಅಲ್ಲ. ಮೊದಲ ದಾರಿ, ತೊಂದರೆ ಕೊಡುವವರು ಮನೆಯಿಂದ ಹೊರಗೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಅದು ಒಂದು ರಾತ್ರಿಯಲ್ಲಿ ಆಗುವ ಕೆಲಸ ಅಲ್ಲ. ಎರಡನೇ ದಾರಿ, ತಾಯಿ ಮತ್ತು ಮಕ್ಕಳು ಒಟ್ಟಿಗೆ ತವರಿಗೋ, ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರಕ್ಕೋ ಹೋಗುವುದು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಮೂರನೆಯದು, ಮಗು ನಂಬುವ ಸಂಬಂಧಿಕರು. ಸೋದರಮಾವ, ಚಿಕ್ಕಮ್ಮ, ಅಜ್ಜಿ. ಇವ್ಯಾವೂ ಆಗದಿದ್ದರೆ ಮಾತ್ರ ಸಮಿತಿಯ ಮುಂದೆ ಹಾಜರುಪಡಿಸಿ ಸಂಸ್ಥೆಯ ವಿಚಾರ. ಯಾವ ದಾರಿಯಾದರೂ ಸಮಿತಿಗೆ ಆವತ್ತೇ ತಿಳಿಸಿ. ನೀವೇ ನಿರ್ಧರಿಸಿ ಮಗುವನ್ನು ಚಿಕ್ಕಮ್ಮನ ಮನೆಗೆ ಬಿಟ್ಟು ಬಂದು ವಾರದ ಮೇಲೆ ಹೇಳುವುದು ಬೇಡ.

ಕೆಲವು ಅಪಾಯಗಳಿಗೆ ಯಾರೂ ಕೆಟ್ಟವರಾಗಿರಬೇಕಿಲ್ಲ. ತೆರೆದ ಕೃಷಿಹೊಂಡ, ಮುಚ್ಚದ ಕೊಳವೆಬಾವಿ, ಕೈಗೆಟುಕುವ ಜಾಗದಲ್ಲಿ ಬೆಳೆಗೆ ಹೊಡೆಯುವ ಔಷಧಿಯ ಬಾಟಲಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆ ಹೋರಾಡಿ ಜೀವಂತ ತೆಗೆದರು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರುವುದಿಲ್ಲ. ಹಾಗಾಗಿ ಮನೆಯ ಒಳಗಷ್ಟೇ ಅಲ್ಲ, ಹಿತ್ತಲಿಗೂ ಒಂದು ಸುತ್ತು ಹಾಕಿ.

ಒಮ್ಮೆ ಒಂದು ಮನೆಯಲ್ಲಿ ಬುದ್ಧಿ ಬೆಳವಣಿಗೆ ಕಡಿಮೆ ಇದ್ದ ಏಳು ವರ್ಷದ ಹುಡುಗನನ್ನು ಮಂಚದ ಕಾಲಿಗೆ ಸೀರೆಯಿಂದ ಕಟ್ಟಿ ಕೂಲಿಗೆ ಹೋಗಿದ್ದರು. ನೋಡಿದ ತಕ್ಷಣ ಹೊಟ್ಟೆಯಲ್ಲಿ ಸಂಕಟ. ಮನೆ ಹಿಂದೆಯೇ ಬಾವಿ. ಹಿಂದೆ ಒಮ್ಮೆ ಅವನು ಅದರ ಕಟ್ಟೆ ಏರಿದ್ದನಂತೆ. ಕಟ್ಟುವುದು ತಪ್ಪು, ಅದನ್ನು ನಿಲ್ಲಿಸಲೇಬೇಕು. ಆದರೆ ಬಾವಿಗೆ ಜಾಲರಿ, ಹಗಲು ನೋಡಿಕೊಳ್ಳಲು ಒಬ್ಬರು, ಅಂಗವಿಕಲರ ಮಾಸಾಶನ, ವಿಶೇಷ ಮಕ್ಕಳ ಶಾಲೆ, ಇವಿಲ್ಲದೆ "ಕಟ್ಟಬೇಡಿ" ಅಂದರೆ ಮರುದಿನ ಬಾಗಿಲು ಹಾಕಿ ಕಟ್ಟುತ್ತಾರೆ ಅಷ್ಟೇ, ಅಲ್ವಾ?

ಮನೆಗೆ ಏನು ಬೇಕು

ಇದಕ್ಕೆ ಮೂರು ಕಡೆ ನೋಡಬೇಕು. ಇಂಗ್ಲೆಂಡಿನಲ್ಲಿ 2000ದಲ್ಲಿ ಮಾಡಿದ ಚೌಕಟ್ಟಿನಲ್ಲಿ ಇದನ್ನು ತ್ರಿಕೋನವಾಗಿ ಬರೆದಿದ್ದಾರೆ: ಮಗುವಿನ ಬೆಳವಣಿಗೆ, ತಂದೆ-ತಾಯಿಯ ಸಾಮರ್ಥ್ಯ, ಮನೆ ಮತ್ತು ಸುತ್ತಲಿನ ಪರಿಸ್ಥಿತಿ. ನಮ್ಮ ಸಾಮಾಜಿಕ ತನಿಖಾ ವರದಿಯ ನಮೂನೆ 22ರಲ್ಲೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಚದುರಿಕೊಂಡಿವೆ. ನಮೂನೆ ಹಿಡಿದುಕೊಂಡು ಒಂದೊಂದೇ ಕೇಳುತ್ತಾ ಹೋದರೆ ಮಾತು ಒಣಗುತ್ತದೆ. ಮಾತಾಡಿ, ಆಮೇಲೆ ತುಂಬಿ.

ಮಗುವಿನ ವಿಷಯದಲ್ಲಿ ತೂಕ, ಲಸಿಕೆ, ಶಾಲೆ, ಗೆಳೆಯರು. ತಾಯಿ ಕಾರ್ಡ್ ಕೇಳಿ ನೋಡಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಳೆಯುವ ಪಟ್ಟಿ ಅಂಗನವಾಡಿಯಲ್ಲಿ ಇರುತ್ತದೆ. ಅಂಥ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಬೇಕು. ಆದರೆ ತಾಯಿ ಎರಡು ವಾರ ಅಲ್ಲಿ ಕೂತರೆ ಮನೆಯಲ್ಲಿರುವ ಇನ್ನೆರಡು ಮಕ್ಕಳಿಗೆ ಅಡುಗೆ ಯಾರು ಮಾಡುತ್ತಾರೆ? ಇದನ್ನು ಕೇಳದೆ ಕಳಿಸಿದ್ದಕ್ಕೇ ಎಷ್ಟೋ ತಾಯಂದಿರು ಮೂರನೇ ದಿನ ಎದ್ದು ಬರುತ್ತಾರೆ.

ತಂದೆ-ತಾಯಿಯ ಸಾಮರ್ಥ್ಯ ಅಂದರೆ ಅವರಿಗೆ ಬೈಯುವುದಲ್ಲ. ಕುಡಿತ, ಖಿನ್ನತೆ, ಕಾಯಿಲೆ, ಸಾಲ ಇವೆಲ್ಲ ಸಾಕುವ ಶಕ್ತಿಯನ್ನು ತಿನ್ನುತ್ತವೆ. ಸಾಲ ಎಷ್ಟಿದೆ ಎಂದು ನೇರ ಕೇಳಿದರೆ ಹೇಳುವುದಿಲ್ಲ. "ವಾರದ ಕಂತು ಯಾವ ದಿನ ಬರುತ್ತಕ್ಕಾ?" ಅಂದರೆ ಹೇಳುತ್ತಾರೆ. ಹೆರಿಗೆಯಾಗಿ ಎರಡು ತಿಂಗಳಾದರೂ ಕೂಸಿನ ಮುಖ ನೋಡದೆ ಗೋಡೆ ಕಡೆ ತಿರುಗಿ ಮಲಗುವ ಬಾಣಂತಿ ಸೋಮಾರಿ ಅಲ್ಲ, ಆಕೆಗೆ ಡಾಕ್ಟರ್ ಬೇಕು. ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416 ಉಚಿತ ಸಂಖ್ಯೆ, ಕನ್ನಡದಲ್ಲೂ ಮಾತಾಡುತ್ತಾರೆ.

ಮೂರನೆಯದು ಸುತ್ತಲಿನ ಪರಿಸ್ಥಿತಿ. ಇಲ್ಲಿ ನಮ್ಮ ಕಡೆಯ ದೊಡ್ಡ ವಿಷಯ ಗುಳೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಜನ ಬೆಂಗಳೂರಿಗೋ ಬೇರೆ ಊರಿಗೋ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಮಗುವನ್ನು ಕರೆದುಕೊಂಡು ಹೋದರೆ ಶಾಲೆ ತಪ್ಪುತ್ತದೆ, ಬಿಟ್ಟು ಹೋದರೆ ಎಪ್ಪತ್ತು ವರ್ಷದ ಅಜ್ಜಿಯ ಪಾಲಾಗುತ್ತದೆ. "ಅಜ್ಜಿಯ ಆರೈಕೆಯಲ್ಲಿದೆ" ಎಂದು ಬರೆದರೆ ಸಾಲದು. ಅಜ್ಜಿಗೆ ಕಣ್ಣು ಕಾಣುತ್ತದಾ, ರೇಷನ್ ಕಾರ್ಡ್ ಯಾರ ಹತ್ತಿರ ಇದೆ, ದುಡ್ಡು ಕಳಿಸುತ್ತಾರಾ, ಅಜ್ಜಿಗೆ ಹುಷಾರು ತಪ್ಪಿದರೆ ಯಾರು, ಇಷ್ಟೂ ಕೇಳಿ. ಹಾಗೆಯೇ ಹದಿನಾಲ್ಕು ಹದಿನೈದರ ಹುಡುಗಿಯ ಟಿಸಿಯನ್ನು ವರ್ಷದ ನಡುವೆ ತೆಗೆಸಿದ್ದಾರೆ ಅಂದರೆ ಮದುವೆಯ ವಾಸನೆ ಬರಬೇಕು. ಅಕ್ಷಯ ತೃತೀಯದ ಆಸುಪಾಸಿನಲ್ಲಂತೂ ಇನ್ನೂ ಎಚ್ಚರ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಇಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಇದನ್ನು ಚಪ್ಪರ ಹಾಕುವ ಮುಂಚೆ ಹೇಳಿದರೆ ಕೆಲಸಕ್ಕೆ ಬರುತ್ತದೆ.

ಇನ್ನು ಇರುವುದನ್ನೂ ನೋಡಿ. ಬರೀ ಇಲ್ಲದ್ದನ್ನೇ ಪಟ್ಟಿ ಮಾಡಬೇಡಿ. ತಾಯಿ ಸ್ತ್ರೀಶಕ್ತಿ ಸಂಘದಲ್ಲಿದ್ದಾಳಾ, ಎದುರು ಮನೆ ಅಜ್ಜಿ ಮಗುವಿಗೆ ಊಟ ಕೊಡುತ್ತಾಳಾ, ಹುಡುಗನಿಗೆ ಮೇಷ್ಟ್ರ ಮೇಲೆ ಪ್ರೀತಿ ಇದೆಯಾ. ನಾವು ಮಾಡುವ ಯೋಜನೆ ನಿಂತುಕೊಳ್ಳುವುದು ಇವುಗಳ ಬಲದ ಮೇಲೆಯೇ.

ಬರೆಯುವಾಗ

ಕಂಡದ್ದು ಒಂದು ಕಡೆ, ಕೇಳಿದ್ದು ಒಂದು ಕಡೆ, ನಿಮಗೆ ಅನಿಸಿದ್ದು ಒಂದು ಕಡೆ. "ತಂದೆ ಕುಡುಕ" ಎಂದು ಬರೆಯಬೇಡಿ. "ಸಂಜೆ 5ಕ್ಕೆ ಹೋದಾಗ ತಂದೆಯ ಬಾಯಿಂದ ಸಾರಾಯಿ ವಾಸನೆ ಬರುತ್ತಿತ್ತು. ವಾರದಲ್ಲಿ ನಾಲ್ಕು ದಿನ ಕುಡಿಯುತ್ತಾರೆ ಎಂದು ತಾಯಿ ಹೇಳಿದರು. ಕುಡಿದು ಬಂದಾಗ ಕೊಟ್ಟಿಗೆಯಲ್ಲಿ ಮಲಗುವುದಾಗಿ ಮಗು ಹೇಳಿತು" ಎಂದು ಬರೆಯಿರಿ. ಸಮಿತಿಯವರು ಆ ಮನೆಯನ್ನು ನೋಡಿಲ್ಲ. ನಿಮ್ಮ ಕಾಗದವೇ ಅವರ ಕಣ್ಣು. ಮಗುವಿನ ಮಾತನ್ನು ತಿದ್ದಿ ಗ್ರಂಥದ ಭಾಷೆಗೆ ತರಬೇಡಿ, ಹೇಳಿದ ಹಾಗೇ ಇರಲಿ. ಹಳೇ ವರದಿಯಿಂದ ಕಾಪಿ ಮಾಡಿ ಹೆಸರು ಬದಲಿಸುವ ಚಟ ಬೇಡವೇ ಬೇಡ. ಗಂಡುಮಗುವಿನ ವರದಿಯಲ್ಲಿ "ಆಕೆ" ಎಂದು ಇದ್ದದ್ದನ್ನು ನಾನು ಓದಿದ್ದೇನೆ.

ನಿಮ್ಮ ವರದಿಯನ್ನು ಒಮ್ಮೆ ಹೀಗೆ ಪರೀಕ್ಷಿಸಿ: ಇದೇ ಸಂಗತಿ ನಿಮ್ಮ ಜಾತಿಯ, ನಿಮ್ಮಂಥ ಮನೆಯಲ್ಲಿ ಆಗಿದ್ದರೆ ಇದೇ ಪದ ಬಳಸುತ್ತಿದ್ದಿರಾ?

ಯೋಜನೆ, ಮತ್ತೆ ಭೇಟಿ

"ಕುಟುಂಬಕ್ಕೆ ಆಪ್ತಸಮಾಲೋಚನೆ ನೀಡಲಾಯಿತು" ಅನ್ನುವುದು ಯೋಜನೆ ಅಲ್ಲ. ಏನು, ಯಾರು, ಯಾವ ತಾರೀಖಿನೊಳಗೆ, ಈ ಮೂರೂ ಇದ್ದರೆ ಯೋಜನೆ. ಮನೆಯವರ ಜೊತೆ ಕೂತು ಮಾಡಿ, ಓದಿ ಹೇಳಿ, ಒಂದು ಪ್ರತಿ ಅವರಿಗೂ ಕೊಡಿ. ಒಂದೇ ಸಲಕ್ಕೆ ಹತ್ತು ಕೆಲಸ ಹೇಳಬೇಡಿ. ಮೂರು ಸಾಕು.

ಹತ್ತಿ ಬಿಡಿಸುವ ತಾಯಿಯ ಮನೆಯಲ್ಲಿ ಕೊನೆಗೆ ಆದದ್ದು ಹೀಗೆ. ವಿಧವಾ ವೇತನದ ಅರ್ಜಿ ಆಧಾರ್‌ನಲ್ಲಿ ಹೆಸರು ತಪ್ಪಿದ್ದಕ್ಕೆ ನಿಂತಿತ್ತು, ಅದನ್ನು ಸರಿ ಮಾಡಿಸಿದೆವು. ಮಗುವನ್ನು ಮನೆಯಲ್ಲೇ ಸಾಕಲು ತಿಂಗಳಿಗಿಷ್ಟು ದುಡ್ಡು ಕೊಡುವ, ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಗೆ ಮಗಳ ಹೆಸರು ಕಳಿಸಿದೆವು. 2022ರ ಮಾರ್ಗಸೂಚಿಯಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ. ಹಳ್ಳಿಯಲ್ಲಿ ವರ್ಷದ ಆದಾಯ 72,000, ಪಟ್ಟಣದಲ್ಲಿ 96,000 ಮೀರಿರಬಾರದು. ವಿಧವೆಯರ ಮಕ್ಕಳು ಅದರಲ್ಲಿ ಬರುತ್ತಾರೆ. ಮಗು ಶಾಲೆಗೆ ಹೋಗುತ್ತಿರಬೇಕು ಅನ್ನುವುದೂ ಒಂದು ಷರತ್ತು. ಆದರೆ ದುಡ್ಡು ಬರುವುದು ತಡ. ಆ ಮೂರು ಗಂಟೆಯ ಸಮಸ್ಯೆ ಮರುದಿನವೂ ಇತ್ತು. ಅದನ್ನು ಬಗೆಹರಿಸಿದ್ದು ಯಾವ ಸರ್ಕಾರಿ ಯೋಜನೆಯೂ ಅಲ್ಲ. ದೂರು ಕೊಟ್ಟಿದ್ದ ಅದೇ ಓಣಿಯ ಒಬ್ಬ ಅಜ್ಜಿ ಬೆಳಗ್ಗೆ ಕೂಸನ್ನು ತನ್ನ ಕಟ್ಟೆ ಮೇಲೆ ಇಟ್ಟುಕೊಂಡು, ಅಂಗನವಾಡಿ ತೆಗೆದ ಮೇಲೆ ಬಿಟ್ಟು ಬರಲು ಒಪ್ಪಿದಳು. ಈಗಾದರೆ ಗ್ರಾಮ ಪಂಚಾಯಿತಿಗಳ 'ಕೂಸಿನ ಮನೆ' ಇದೆಯಾ ಎಂದೂ ಕೇಳಬಹುದು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿಯೇ ಅದನ್ನು ಶುರು ಮಾಡಿದ್ದು.

ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ಹೋಗಿ. ಒಂದೊಂದು ಸಲ ಒಂದೊಂದು ಹೊತ್ತಿಗೆ ಹೋಗಿ, ಒಮ್ಮೆ ನಸುಕಿನಲ್ಲಿ, ಒಮ್ಮೆ ಕೂಲಿ ಬಟವಾಡೆಯ ದಿನ ಸಂಜೆ. ಕುಡಿತ, ಜಗಳ ಇರುವ ಮನೆಯಲ್ಲಿ ಬಟವಾಡೆಯ ಸಂಜೆ ಕಂಡದ್ದು ಇನ್ಯಾವ ದಿನವೂ ಕಾಣುವುದಿಲ್ಲ. ಫೋನಿನಲ್ಲಿ "ಎಲ್ಲ ಚೆನ್ನಾಗಿದೆ ಸಾರ್" ಅಂದದ್ದನ್ನು ಭೇಟಿ ಎಂದು ಬರೆಯಬೇಡಿ. ಕಡತ ಮುಚ್ಚುವ ಮುಂಚೆ ಮಗುವಿನ ಜೊತೆ ಇನ್ನೊಮ್ಮೆ ಒಂಟಿಯಾಗಿ ಮಾತಾಡಿ, ಮೊದಲ ದಿನದ ಅದೇ ಪ್ರಶ್ನೆ ಕೇಳಿ: ಭಯ ಆದಾಗ ಯಾರ ಹತ್ರ ಹೋಗ್ತೀಯಾ? ಅದಕ್ಕೆ ಒಂದು ಹೆಸರು ತಕ್ಷಣ ಬರಬೇಕು. ಬರದಿದ್ದರೆ ಕಡತ ಮುಚ್ಚಬೇಡಿ.

ಹೊರಡುವಾಗ ನಾನು ಮಗುವಿನ ಗಣಿತದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ 1098 ಎಂದು ಅದರ ಕೈಯಲ್ಲೇ ದೊಡ್ಡದಾಗಿ ಬರೆಸುತ್ತೇನೆ. ಗೋಡೆ ಮೇಲೆ ಬರೆದರೆ ಯಾರಾದರೂ ಅಳಿಸುತ್ತಾರೆ.